ಸಣ್ಣ ಜೆಟ್ ಬೋಟ್‌ಗಳು: ಆಸನ ಎಷ್ಟು, ಅಶ್ವಶಕ್ತಿ ಎಷ್ಟು?

ಜೆಟ್ ಬೋಟ್ ತಯಾರಕರ ಪರಿಚಯಪತ್ರಗಳಲ್ಲಿ ಎರಡು ಅಂಕಿಗಳನ್ನು ದಪ್ಪ ಅಕ್ಷರಗಳಲ್ಲಿ ಮುದ್ರಿಸುವುದು ವಾಡಿಕೆ. ಎಷ್ಟು ಜನ ಕೂರಬಹುದು ಎಂಬುದು ಒಂದು. ಎಂಜಿನ್ನಿನ ಅಶ್ವಶಕ್ತಿ ಎಷ್ಟು ಎಂಬುದು ಮತ್ತೊಂದು. ಸ್ವಂತ ವಿಹಾರಕ್ಕಾಗಿ ಕೊಳ್ಳುವ ಶ್ರೀಮಂತನಿಗೆ ಇವೆರಡೇ ಸಾಕಾಗಬಹುದು. ಬ್ಯಾಂಕಿನಿಂದ ಸಾಲ ಪಡೆದು, ದೋಣಿಯನ್ನು ಗಂಟೆಯ ಲೆಕ್ಕದಲ್ಲಿ ದುಡಿಸಿ, ಕಂತು ತೀರಿಸಬೇಕಾದ ಉದ್ಯಮಿಗೆ ಮಾತ್ರ ಇವೆರಡೂ ದಾರಿ ತಪ್ಪಿಸುವ ಅಂಕಿಗಳೇ. ಅವನು ತಿಳಿಯಬೇಕಾದದ್ದು, ಟಿಕೆಟ್ ಕೊಟ್ಟು ಕೂರುವವರು ಎಷ್ಟು ಮಂದಿ ಮತ್ತು ಅವರನ್ನು ಹೊತ್ತ ದೋಣಿಯನ್ನು ನೀರಿನ ಮೇಲಕ್ಕೆ ಎಬ್ಬಿಸಲು ಬೇಕಾಗುವ ಕನಿಷ್ಠ ಶಕ್ತಿ ಎಷ್ಟು ಎಂಬುದನ್ನು.

ಉದಾಹರಣೆಗೆ, 30 ಲಕ್ಷ ರೂಪಾಯಿ ಸಾಲವನ್ನು ಶೇ. 11ರ ಬಡ್ಡಿಯಲ್ಲಿ 5 ವರ್ಷಕ್ಕೆ ಪಡೆದರೆ ಮಾಸಿಕ ಕಂತು ಸುಮಾರು 65,200 ರೂ. ಆಗುತ್ತದೆ. ಕರಾವಳಿಯಲ್ಲಿ ಮಳೆಗಾಲದ ನಾಲ್ಕು ತಿಂಗಳು ಜಲಕ್ರೀಡೆ ನಿಲ್ಲುವುದರಿಂದ ಹನ್ನೆರಡು ಕಂತುಗಳನ್ನು ಎಂಟು ತಿಂಗಳಲ್ಲಿ ದುಡಿಯಬೇಕು. ಅಂದರೆ ದುಡಿಯುವ ತಿಂಗಳೊಂದಕ್ಕೆ 97,800 ರೂ. ಚಾಲಕನ ಸಂಬಳ, ಪೆಟ್ರೋಲು, ವಿಮೆ, ದುರಸ್ತಿ ಇವೆಲ್ಲ ಇದರ ಮೇಲಿನವು. ಆಸನ ಮತ್ತು ಎಂಜಿನ್ನಿನ ಆಯ್ಕೆಯಲ್ಲಿ ಎಡವಿದರೆ ಈ ಲೆಕ್ಕ ಮೊದಲ ಹಂಗಾಮಿನಲ್ಲಿಯೇ ತಲೆಕೆಳಗಾಗುತ್ತದೆ.

ಪಂಪಿನ ದೋಣಿ

ಜೆಟ್ ಬೋಟ್‌ಗೆ ನೀರಿನಲ್ಲಿ ತಿರುಗುವ ಪ್ರೊಪೆಲ್ಲರ್ ಇರುವುದಿಲ್ಲ. ದೋಣಿಯ ತಳದಲ್ಲಿರುವ ಜಾಲರಿಯ ಮೂಲಕ ನೀರನ್ನು ಹೀರಿ, ಇಂಪೆಲ್ಲರ್‌ನಿಂದ ಅದಕ್ಕೆ ವೇಗ ಕೊಟ್ಟು, ಹಿಂಬದಿಯ ಕಿರಿದಾದ ಮೂತಿಯಿಂದ ರಭಸವಾಗಿ ಹೊರದೂಡಲಾಗುತ್ತದೆ. ಆ ಮೂತಿಯನ್ನು ಎಡಬಲಕ್ಕೆ ತಿರುಗಿಸಿದರೆ ದೋಣಿ ತಿರುಗುತ್ತದೆ. ಒಂದರ್ಥದಲ್ಲಿ ಇದು ಎಂಜಿನ್ ಕೂರಿಸಿದ ನೀರಾವರಿ ಪಂಪು.

ಆಧುನಿಕ ಜೆಟ್ ಬೋಟ್‌ನ ತವರು ನ್ಯೂಜಿಲೆಂಡ್. ಅಲ್ಲಿನ ಮೆಕೆಂಜಿ ಪ್ರದೇಶದ ಐರಿಷ್‌ಮನ್ ಕ್ರೀಕ್ ಎಂಬಲ್ಲಿ ಕುರಿ ಸಾಕಣೆ ಮಾಡುತ್ತಿದ್ದ ಬಿಲ್ ಹ್ಯಾಮಿಲ್ಟನ್ ಎಂಬ ಎಂಜಿನಿಯರು, ಆಳವಿಲ್ಲದ, ಕಲ್ಲುಗಳಿಂದ ತುಂಬಿದ, ರಭಸದ ನದಿಗಳಲ್ಲಿ ಪ್ರವಾಹಕ್ಕೆ ಎದುರಾಗಿ ಸಾಗುವ ದೋಣಿಯೊಂದನ್ನು 1954ರಲ್ಲಿ ಸಿದ್ಧಪಡಿಸಿದರು. ಅಮೆರಿಕದ ಹ್ಯಾನ್ಲಿ ಹೈಡ್ರೋಜೆಟ್ ಅವರಿಗೆ ಮಾದರಿಯಾಗಿತ್ತು; ಅದರಲ್ಲಿ ನೀರು ಚಿಮ್ಮುವ ಮೂತಿ ದೋಣಿಯ ತಳದಡಿ ಇತ್ತು. ಮೂತಿಯನ್ನು ನೀರಿನ ಮಟ್ಟಕ್ಕಿಂತ ಮೇಲಕ್ಕೆ ತಂದ ಮೇಲೆ ವೇಗ ಬಂತು. 1960ರಲ್ಲಿ ಹ್ಯಾಮಿಲ್ಟನ್ ದೋಣಿಗಳು ಅಮೆರಿಕದ ಕೊಲರಾಡೊ ನದಿಯಲ್ಲಿ ಗ್ರ್ಯಾಂಡ್ ಕ್ಯಾನಿಯನ್ ಕಮರಿಯ ಮೂಲಕ ಪ್ರವಾಹಕ್ಕೆ ಎದುರಾಗಿ ಏರಿ ಹೋದವು.

ಈ ವ್ಯವಸ್ಥೆಯ ಗುಣದೋಷಗಳನ್ನು ಉದ್ಯಮಿಯು ಆರಂಭದಲ್ಲೇ ಅರಿತಿರಬೇಕು. ತಿರುಗುವ ಅಲಗು ಹೊರಗೆ ಇಲ್ಲದಿರುವುದರಿಂದ ನೀರಿನಲ್ಲಿ ಈಜುವವರಿಗೆ ಅಪಾಯ ಕಡಿಮೆ. ಆಳವಿಲ್ಲದ ನೀರಿನಲ್ಲೂ ಓಡಿಸಬಹುದು. ಆದರೆ ನಿಧಾನಗತಿಯಲ್ಲಿ ಪಂಪು ಪ್ರೊಪೆಲ್ಲರ್‌ನಷ್ಟು ಮಿತವ್ಯಯಿಯಲ್ಲ. ಮರಳು, ಜೊಂಡು, ಪ್ಲಾಸ್ಟಿಕ್ ಚೀಲ, ಬಲೆಯ ತುಂಡು ಇವೆಲ್ಲ ನೀರಿನೊಂದಿಗೆ ಒಳಸೇರುತ್ತವೆ. ಇನ್ನೂ ಮುಖ್ಯವಾದುದೆಂದರೆ, ಹೊಸ ಚಾಲಕನು ಗಾಬರಿಯಿಂದ ಆಕ್ಸಿಲರೇಟರ್ ಬಿಟ್ಟೊಡನೆ ನೀರಿನ ಧಾರೆ ನಿಂತು ತಿರುಗುವ ಶಕ್ತಿಯೂ ಹೋಗುತ್ತದೆ. ಅಡ್ಡ ಬಂದದ್ದನ್ನು ತಪ್ಪಿಸಲು ವೇಗ ಕೊಡಬೇಕೇ ಹೊರತು ಬಿಡಬಾರದು. ರಸ್ತೆಯ ವಾಹನ ಓಡಿಸಿ ಬಂದವನಿಗೆ ಈ ಪಾಠ ಸುಲಭವಾಗಿ ಮೈಗೂಡುವುದಿಲ್ಲ. ತರಬೇತಿಯ ವೆಚ್ಚವನ್ನು ಬಂಡವಾಳದಲ್ಲಿಯೇ ಸೇರಿಸಬೇಕಾಗುತ್ತದೆ.

ಒಂದೇ ಒಡಲು, ಮೂರು ಎಂಜಿನ್

ಎಂಜಿನ್ನುಗಳನ್ನು ಹೋಲಿಸಲು ಕೆನಡಾದ ಬಿಆರ್‌ಪಿ ಸಂಸ್ಥೆಯ ಸೀ-ಡೂ ದೋಣಿಗಳು ಒಳ್ಳೆಯ ಉದಾಹರಣೆ. ಈ ಸಂಸ್ಥೆ 2012ರಲ್ಲಿ ಸ್ಪೋರ್ಟ್ ಬೋಟ್ ವ್ಯವಹಾರದಿಂದ ಹಿಂದೆ ಸರಿಯಿತು. ಈಗ ಸಿಗುವುದು ಹಳೆಯ ದೋಣಿಗಳು ಮಾತ್ರ. ಆದರೂ ಉದಾಹರಣೆಯಾಗಿ ಅವೇ ಯೋಗ್ಯ, ಏಕೆಂದರೆ ನಾಲ್ಕು ಆಸನಗಳ 150 ಸ್ಪೀಡ್‌ಸ್ಟರ್ ಎಂಬ ಒಂದೇ ದೋಣಿ ವಿವಿಧ ವರ್ಷಗಳಲ್ಲಿ 155, 215 ಮತ್ತು 255 ಅಶ್ವಶಕ್ತಿಗಳಲ್ಲಿ ದೊರೆಯುತ್ತಿತ್ತು. ಮೂರೂ ರೊಟ್ಯಾಕ್ಸ್ ಕಂಪನಿಯ 1,494 ಸಿಸಿಯ, ಮೂರು ಸಿಲಿಂಡರಿನ, ನಾಲ್ಕು ಸ್ಟ್ರೋಕಿನ ಎಂಜಿನ್ನುಗಳೇ. ಸಿಲಿಂಡರಿನ ಅಳತೆ ಒಂದೇ ಆಗಿರುವಾಗ ಹೆಚ್ಚಿನ 100 ಅಶ್ವಶಕ್ತಿ ಎಲ್ಲಿಂದ ಬಂತು? 155ರ ಎಂಜಿನ್ ತಾನಾಗಿಯೇ ಗಾಳಿ ಎಳೆದುಕೊಳ್ಳುತ್ತದೆ. ಉಳಿದೆರಡಕ್ಕೆ ಸೂಪರ್‌ಚಾರ್ಜರ್ ಗಾಳಿಯನ್ನು ಒತ್ತಿ ತುಂಬುತ್ತದೆ.

ಆ ಸೂಪರ್‌ಚಾರ್ಜರ್ ಪುಕ್ಕಟೆಯಲ್ಲ. ಆ ಕಾಲದ ಎಂಜಿನ್ನುಗಳಲ್ಲಿ ಅದರ ಕ್ಲಚ್ಚನ್ನು ಮಾದರಿಗೆ ಅನುಸಾರವಾಗಿ 100 ಅಥವಾ 200 ಗಂಟೆಗಳಿಗೊಮ್ಮೆ ಬಿಚ್ಚಿ ಬಿಡಿಭಾಗ ಬದಲಿಸಬೇಕಿತ್ತು. ಅಮೆರಿಕದ ಸರೋವರವೊಂದರಲ್ಲಿ ಬೇಸಗೆಯ ವಾರಾಂತ್ಯಗಳಲ್ಲಿ ಮಾತ್ರ ಓಡಿಸುವವನು ವರ್ಷಕ್ಕೆ 50 ಗಂಟೆ ಬಳಸಿದನೆಂದರೆ, 200 ಗಂಟೆಯ ದುರಸ್ತಿ ಅವನಿಗೆ ನಾಲ್ಕು ವರ್ಷಕ್ಕೊಮ್ಮೆ ಬರುವ ತಾಪತ್ರಯ. ಎಂಟು ತಿಂಗಳು, ತಿಂಗಳಿಗೆ 25 ದಿನ, ದಿನಕ್ಕೆ ಐದು ಗಂಟೆ ಎಂಜಿನ್ ತಿರುಗಿಸುವ ವಾಣಿಜ್ಯ ಬಳಕೆಗೆ ವರ್ಷಕ್ಕೆ 1,000 ಗಂಟೆಗಳಾಗುತ್ತವೆ. ಅದೇ ದುರಸ್ತಿ ಹಂಗಾಮಿನಲ್ಲಿ ಐದು ಬಾರಿ. ಪ್ರತಿ ಬಾರಿಯೂ ಬಿಡಿಭಾಗದ ಬೆಲೆಗಿಂತ ದೋಣಿ ದಡದಲ್ಲಿ ನಿಂತ ದಿನಗಳ ನಷ್ಟ ದೊಡ್ಡದು. 2016ರ ಮಾದರಿಯೊಂದಿಗೆ ಬಂದ 300 ಅಶ್ವಶಕ್ತಿಯ 1,630 ಸಿಸಿ ಎಂಜಿನ್ನಿನ ಸೂಪರ್‌ಚಾರ್ಜರ್‌ಗೆ ಇಂತಹ ನಿಗದಿತ ನಿರ್ವಹಣೆ ಬೇಡವೆಂದು ತಯಾರಕರು ತಿಳಿಸಿದರು. ಅದು ಸುಧಾರಣೆಯೇ ಸರಿ. ಆದರೆ ಅಷ್ಟು ಶಕ್ತಿ ನಾಲ್ಕು ಜನರ ದೋಣಿಗೆ ಏಕೆ ಬೇಕು ಎಂಬ ಪ್ರಶ್ನೆ ಉಳಿದೇ ಇರುತ್ತದೆ.

ಇಂಧನದ ಲೆಕ್ಕವೂ ಇದರೊಂದಿಗೆ ಬರುತ್ತದೆ. ಪೆಟ್ರೋಲ್ ಎಂಜಿನ್ ಪೂರ್ಣ ವೇಗದಲ್ಲಿ ಅಶ್ವಶಕ್ತಿಯೊಂದಕ್ಕೆ ಗಂಟೆಗೆ ಸುಮಾರು 0.38 ಲೀಟರ್ ಕುಡಿಯುತ್ತದೆ ಎಂಬುದು ಅಮೆರಿಕದ ದೋಣಿಗಾರರು ಬಳಸುವ ಸ್ಥೂಲ ಸೂತ್ರ. ಅದರಂತೆ 155ಕ್ಕೆ ಗಂಟೆಗೆ 59 ಲೀಟರ್, 215ಕ್ಕೆ 82, 255ಕ್ಕೆ 97. ಸದಾ ಪೂರ್ಣ ವೇಗದಲ್ಲಿ ಓಡಿಸುವುದಿಲ್ಲ ನಿಜ. ಆದರೆ ಹಣ ಕೊಟ್ಟು ಕೂತವರು ಕೇಳುವುದು ವೇಗವನ್ನೇ, ಮತ್ತು ಇರುವ ಶಕ್ತಿಯನ್ನು ಬಳಸದೆ ಬಿಡುವ ಚಾಲಕ ಅಪರೂಪ.

ಎಂಜಿನ್ ತಣಿಸುವ ವಿಧಾನವನ್ನು ಪರಿಚಯಪತ್ರದ ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿ ಹಾಕಿರುತ್ತಾರೆ. ಉಪ್ಪುನೀರಿನಲ್ಲಿ ದುಡಿಯುವವನು ಅದನ್ನೇ ಮೊದಲು ಓದಬೇಕು. ರೊಟ್ಯಾಕ್ಸ್ ಎಂಜಿನ್ನಿನೊಳಗೆ ಕಾರಿನಂತೆ ಪ್ರತ್ಯೇಕ ಕೂಲೆಂಟ್ ಸುತ್ತುತ್ತದೆ. ಅದರ ಶಾಖವನ್ನು ದೋಣಿಯ ತಳದ ಲೋಹದ ಫಲಕವೊಂದು ಹೊರಗಿನ ನೀರಿಗೆ ಬಿಡುತ್ತದೆ. ಯಮಹಾ ಎಂಜಿನ್ನುಗಳಲ್ಲಿ ಹೊರಗಿನ ನೀರೇ ಎಂಜಿನ್ನಿನೊಳಗೆ ಹರಿದು ಹೋಗುತ್ತದೆ. ಎರಡನೆಯದು ಸರಳ, ಬಿಡಿಭಾಗ ಕಡಿಮೆ. ಆದರೆ ಉಪ್ಪು ಮತ್ತು ಮರಳು ಒಳಗೆ ಹೋಗುವುದರಿಂದ ಪ್ರತಿ ದಿನದ ಕೊನೆಗೆ ಸಿಹಿನೀರು ಹಾಯಿಸಿ ತೊಳೆಯುವ ಕೆಲಸವನ್ನು ಒಂದು ದಿನವೂ ತಪ್ಪಿಸುವಂತಿಲ್ಲ. ಮೊದಲನೆಯದರಲ್ಲೂ ಹೊಗೆಯ ಕೊಳವೆಗಳನ್ನು ತಣಿಸುವುದು ಹೊರಗಿನ ನೀರೇ ಆದ್ದರಿಂದ ತೊಳೆಯುವುದು ಪೂರ್ತಿ ತಪ್ಪುವುದಿಲ್ಲ. ಯಮಹಾ ತನ್ನ 19 ಅಡಿಯ, ಎಂಟು ಜನರ ದೋಣಿಗಳಲ್ಲಿ 1,812 ಸಿಸಿಯ ಒಂದೇ ಅಳತೆಯ ಎಂಜಿನ್ನನ್ನು ಸೂಪರ್‌ಚಾರ್ಜರ್ ಇಲ್ಲದೆ ಒಂದು, ಇರುವಂತೆ ಮತ್ತೊಂದು ಎಂದು ಎರಡು ಬಗೆಯಲ್ಲಿ ಮಾರಿತು. ದೊಡ್ಡ ಸಿಲಿಂಡರಿನ, ಸೂಪರ್‌ಚಾರ್ಜರ್ ಇಲ್ಲದ ಎಂಜಿನ್ನೇ ಬಾಡಿಗೆ ವ್ಯವಹಾರಕ್ಕೆ ಹೊಂದುವಂಥದು.

ಎರಡು ಎಂಜಿನ್ನುಗಳ ದೋಣಿಗೂ ಅದರದೇ ಆದ ಸಮರ್ಥನೆಯಿದೆ. ಒಂದು ಪಂಪು ಕಟ್ಟಿಕೊಂಡರೆ ಇನ್ನೊಂದರಿಂದ ದಡ ಸೇರಬಹುದು. ಪ್ರಯಾಣಿಕರನ್ನು ತೆರೆದ ಸಮುದ್ರಕ್ಕೆ ಕರೆದೊಯ್ಯುವವರು ಇದನ್ನು ಹಗುರವಾಗಿ ಕಾಣುವಂತಿಲ್ಲ. ದಡ ಕಣ್ಣೆದುರಿಗೇ ಇರುವ ಹಿನ್ನೀರಿನಲ್ಲಾದರೆ ಎರಡು ಎಂಜಿನ್ ಎಂದರೆ ಎರಡು ಆಯಿಲ್ ಬದಲಾವಣೆ, ಎರಡು ಇಂಪೆಲ್ಲರ್, ಎರಡು ಬ್ಯಾಟರಿಗಳ ಖರ್ಚು ಅಷ್ಟೇ.

ಕೂರುವವರ ಲೆಕ್ಕ

ಅಮೆರಿಕದಲ್ಲಿ 20 ಅಡಿಗಿಂತ ಚಿಕ್ಕದಾದ ಒಂಟಿ ಒಡಲಿನ ದೋಣಿಗಳಿಗೆ ಎಷ್ಟು ಜನ, ಒಟ್ಟು ಎಷ್ಟು ತೂಕ ಎಂದು ನಮೂದಿಸಿದ ಫಲಕವನ್ನು ಅಂಟಿಸುವುದು ಕಡ್ಡಾಯ. ಅದು ಸುರಕ್ಷತೆಯ ಮೇಲ್ಮಿತಿಯೇ ಹೊರತು ಸುಖಾಸನದ ಭರವಸೆಯಲ್ಲ. ಆ ಸಂಖ್ಯೆಯಲ್ಲಿ ಚಾಲಕನೂ ಸೇರಿರುತ್ತಾನೆ. ನಾಲ್ಕು ಜನರ ದೋಣಿಯಲ್ಲಿ ಆದಾಯ ತರುವ ಆಸನ ಮೂರೇ. ಸಹಾಯಕನೊಬ್ಬನನ್ನು ಹತ್ತಿಸಿದರೆ ಎರಡು.

ಸೀ-ಡೂ ಸಾಲಿನಲ್ಲಿ ನಾಲ್ಕು ಜನರ 150 ಸ್ಪೀಡ್‌ಸ್ಟರ್‌ನ ಮೇಲೆ ಏಳು ಜನರ 200 ಸ್ಪೀಡ್‌ಸ್ಟರ್ ಇತ್ತು. ಅದಕ್ಕೆ ಎರಡೆರಡು ಎಂಜಿನ್, ಒಟ್ಟು 310, 430 ಅಥವಾ 510 ಅಶ್ವಶಕ್ತಿ. ತಲಾ ಲೆಕ್ಕ ಹಾಕಿದರೆ ಚಿಕ್ಕ ದೋಣಿಯಲ್ಲಿ 155ರ ಎಂಜಿನ್ನಿಗೆ ಒಬ್ಬರಿಗೆ 39 ಅಶ್ವಶಕ್ತಿ, 255ಕ್ಕೆ 64. ದೊಡ್ಡದರಲ್ಲಿ 310ಕ್ಕೆ 44, 510ಕ್ಕೆ 73. ಈ ಎಲ್ಲ ದೋಣಿಗಳೂ ನೀರಿನ ಮೇಲೆ ಎದ್ದು ಜಾರುತ್ತಿದ್ದವು. ಅಂದಮೇಲೆ ತಲಾ 40ರ ಆಸುಪಾಸಿನ ಮೇಲಿನದೆಲ್ಲ ರೋಮಾಂಚನಕ್ಕೆ ತೆರುವ ಬೆಲೆ.

ಈಗ ಹಣದ ಲೆಕ್ಕಕ್ಕೆ ಬರಬಹುದು. ಪೆಟ್ರೋಲು ಲೀಟರಿಗೆ ದುಂಡಾಗಿ 100 ರೂ., ಸವಾರಿ 10 ನಿಮಿಷ, ಸರಾಸರಿ ಬಳಕೆ ಪೂರ್ಣ ವೇಗದ ಅರ್ಧ ಎಂದು ಇಟ್ಟುಕೊಳ್ಳೋಣ. 155 ಅಶ್ವಶಕ್ತಿಯ ನಾಲ್ಕಾಸನದ ದೋಣಿಗೆ ಸವಾರಿಯೊಂದಕ್ಕೆ 5 ಲೀಟರ್, ಅಂದರೆ 500 ರೂ.; ಮೂವರಿಗೆ ಹಂಚಿದರೆ ತಲಾ 167 ರೂ. 310ರ ಏಳಾಸನಕ್ಕೆ 10 ಲೀಟರ್, 1,000 ರೂ.; ಆರು ಜನರಿಗೆ ಹಂಚಿದರೆ ಅಲ್ಲಿಯೂ ತಲಾ 167 ರೂ. ತುಂಬಿದ ದೋಣಿಯಲ್ಲಿ ಎರಡೂ ಸಮ! ವ್ಯತ್ಯಾಸ ಕಾಣುವುದು ಜನ ಕಡಿಮೆಯಾದಾಗ. ವಾರದ ಮಧ್ಯೆ ಒಂದು ಕುಟುಂಬದ ಮೂವರು ಮಾತ್ರ ಬಂದರೆ ಚಿಕ್ಕ ದೋಣಿ ಅದೇ 167 ರೂ.ಗೆ ಹೊರಡುತ್ತದೆ, ದೊಡ್ಡದರಲ್ಲಿ ತಲಾ 333 ರೂ. ಸುಡಬೇಕು, ಇಲ್ಲವೇ ಇನ್ನೂ ಮೂವರು ಬರಲಿ ಎಂದು ಬಿಸಿಲಿನಲ್ಲಿ ಕಾಯಿಸಬೇಕು. ಇದರ ಬದಲು ಏಳು ಜನರ ಒಡಲಿಗೆ ಒಂದೇ 215ರ ಎಂಜಿನ್ ಇದ್ದು, ಭಾರದಿಂದಾಗಿ ಗಂಟೆಗೆ 45 ಲೀಟರ್ ಕುಡಿದರೂ ಸವಾರಿಗೆ 750 ರೂ., ಆರು ಜನರಿಗೆ ತಲಾ 125 ರೂ. ಆಗುತ್ತದೆ. ಆದರೆ ತಲಾ ಶಕ್ತಿ 31ಕ್ಕೆ ಇಳಿಯುವುದರಿಂದ ದೋಣಿ ಎದ್ದು ಜಾರಲು ತಡವಾಗುತ್ತದೆ. ಆ ತಡ ಎಷ್ಟು ಎಂಬುದನ್ನು ಕಾಗದದಲ್ಲಿ ತಿಳಿಯಲಾಗದು. ಕೊಳ್ಳುವ ಮುನ್ನ ಪ್ರತಿ ಆಸನದ ಮೇಲೆ 75 ಕಿಲೋ ಮರಳಿನ ಚೀಲ ಇಟ್ಟು, ಟ್ಯಾಂಕು ತುಂಬಿಸಿ, ಗಡಿಯಾರ ಹಿಡಿದು ನೋಡಬೇಕು. ಒಬ್ಬನೇ ಕೂತು ಸುತ್ತು ಹೊಡೆದು ತೋರಿಸುವ ಮಾರಾಟಗಾರನ ಪ್ರದರ್ಶನದಿಂದ ತಿಳಿಯುವುದು ಏನೂ ಇಲ್ಲ.

ಆಸನಗಳ ಸಂಖ್ಯೆಯಂತೆಯೇ ಜೋಡಣೆಯೂ ಮುಖ್ಯ. ಅಮೆರಿಕದ ವಿಹಾರ ದೋಣಿಗಳಲ್ಲಿ ದಿವಾನಖಾನೆಯ ಸೋಫಾದಂತೆ ಬದಿಗೆ, ಹಿಂದಕ್ಕೆ ಮುಖ ಮಾಡಿದ ಮೆತ್ತೆಗಳಿರುತ್ತವೆ; ಮೂತಿಯ ಭಾಗದಲ್ಲೂ ಇಬ್ಬರು ಕಾಲು ಚಾಚಿ ಕೂರಬಹುದು. ಲಂಗರು ಹಾಕಿ ಹರಟೆ ಹೊಡೆಯಲು ಇದು ಚೆನ್ನ. ನ್ಯೂಜಿಲೆಂಡಿನ ಕ್ವೀನ್ಸ್‌ಟೌನ್ ಬಳಿಯ ಶಾಟೋವರ್ ನದಿಯ ವಾಣಿಜ್ಯ ದೋಣಿಗಳನ್ನು ನೋಡಿದರೆ ಬೇರೆಯದೇ ಚಿತ್ರ: ಬಸ್ಸಿನಂತೆ ಸಾಲುಸಾಲು ಬೆಂಚುಗಳು, ಎಲ್ಲರ ಮುಖವೂ ಮುಂದಕ್ಕೆ, ಪ್ರತಿ ಸಾಲಿನ ಎದುರಿಗೆ ಹಿಡಿದುಕೊಳ್ಳಲು ಕಂಬಿ. ಅಲ್ಲಿ ಚಾಲಕನು ದೋಣಿಯನ್ನು ಇದ್ದಲ್ಲೇ ಗಿರ್ರನೆ ಸುತ್ತಿಸುತ್ತಾನೆ. ಬದಿಗೆ ಮುಖ ಮಾಡಿ ಕೂತವನು ಆಗ ಆಸನದಲ್ಲಿ ಉಳಿಯುವುದಿಲ್ಲ. ವಾಣಿಜ್ಯ ನದಿ ಜೆಟ್ ಬೋಟ್‌ಗಳಿಗೆಂದೇ ಆ ದೇಶದ ಸಾಗರ ನಿಯಮಾವಳಿಯಲ್ಲಿ 82ನೆಯ ಭಾಗ ಪ್ರತ್ಯೇಕವಾಗಿದೆ.

ಸೋಫಾ ಜೋಡಣೆಯ ದೋಣಿಗೆ ಇನ್ನೊಂದು ತೊಡಕಿದೆ. ಎಂಜಿನ್ ಹಿಂಬದಿಯಲ್ಲೇ ಇರುತ್ತದೆ. ಜನರೂ ಹಿಂದೆಯೇ ಗುಂಪುಗೂಡಿದರೆ ಮೂತಿ ಮೇಲೆದ್ದು, ಚಾಲಕನಿಗೆ ಎದುರು ಕಾಣದಾಗುತ್ತದೆ. ಮೂತಿಯಲ್ಲಿ ಕೂತವರಿಗೆ ಪ್ರತಿ ಅಲೆಯ ಏಟು ನೇರ ಬೆನ್ನಿಗೆ ತಾಗುತ್ತದೆ. ಆದ್ದರಿಂದ ಎಂಟು ಜನರ ವಿಹಾರ ದೋಣಿಯನ್ನು ವೇಗದ ಸವಾರಿಗೆ ಬಳಸುವವರು ಮೂತಿಯ ಆಸನಗಳನ್ನು ಖಾಲಿ ಬಿಡುವುದೇ ವಿವೇಕ. ಆಗ ಟಿಕೆಟಿನ ಆಸನ ಐದು.

ತಯಾರಕರಿಗೆ ಇರುವ ಎಡೆ

2021ರಲ್ಲಿ ಬಿಆರ್‌ಪಿ ಸೀ-ಡೂ ಸ್ವಿಚ್ ಎಂಬ ಹೊಸ ಬಗೆಯ ಜೆಟ್ ದೋಣಿಯನ್ನು ಪ್ರಕಟಿಸಿತು. ಚಪ್ಪಟೆ ಅಟ್ಟದ ಮೇಲೆ ಹೆಂಚಿನಂತಹ ಫಲಕಗಳು. ಅವುಗಳಿಗೆ ಆಸನ, ಮೇಜುಗಳನ್ನು ಬೇಕಾದಲ್ಲಿ ಸಿಕ್ಕಿಸಬಹುದು, ಬೇಡವಾದಾಗ ತೆಗೆಯಬಹುದು. ಎಂಜಿನ್ 100ರಿಂದ 230 ಅಶ್ವಶಕ್ತಿವರೆಗೆ. 18 ಅಡಿಯದರಲ್ಲಿ ಒಂಬತ್ತು ಜನ. 230 ಇದ್ದರೂ ತಲಾ 26 ಅಶ್ವಶಕ್ತಿಯೇ. ಇದು ವೇಗದ ದೋಣಿಯಲ್ಲ, ತೇಲುವ ಜಗಲಿ. ಆದರೆ ಬೆಳಗ್ಗೆ ಆರು ಆಸನ, ಸಂಜೆ ಮೂರು ಆಸನ ಮತ್ತು ಒಂದು ಮೇಜು ಎಂದು ಬದಲಿಸಬಲ್ಲ ಸೌಲಭ್ಯ ವ್ಯಾಪಾರಿಯ ಕಣ್ಣಿಗೆ ಬೀಳಲೇಬೇಕು.

ಇನ್ನೊಂದು ತುದಿಯಲ್ಲಿ ನ್ಯೂಜಿಲೆಂಡ್ ಮತ್ತು ಅಮೆರಿಕದ ಸಣ್ಣ ವೆಲ್ಡಿಂಗ್ ಶಾಪುಗಳಿವೆ. ಹಳೆಯ ಜೆಟ್ ಸ್ಕೀಯೊಂದನ್ನು ಕೊಂಡು, ಅದರ ಎಂಜಿನ್ ಮತ್ತು ಪಂಪನ್ನು ಬಿಚ್ಚಿ, 11ರಿಂದ 13 ಅಡಿಯ ಅಲ್ಯೂಮಿನಿಯಂ ಒಡಲಿಗೆ ಕೂರಿಸಿ ಇಬ್ಬರು ಮೂವರ ಮಿನಿ ಜೆಟ್ ಬೋಟ್ ತಯಾರಿಸಲಾಗುತ್ತದೆ. ಯಂತ್ರದಿಂದ ಕತ್ತರಿಸಿದ ತಗಡುಗಳ ಕಟ್ಟುಗಳೇ ಮಾರಾಟಕ್ಕೆ ದೊರೆಯುತ್ತವೆ. ಇಲ್ಲಿನ ಸಣ್ಣ ಕೈಗಾರಿಕೆಗಳು ಎಂಜಿನ್ ತಯಾರಿಕೆಗೆ ಕೈಹಾಕುವುದು ದೂರದ ಮಾತು. ಆದರೆ ಆಸನದ ಚೌಕಟ್ಟು, ನೀರು ಹೀರದ ಫೋಮ್, ಬಿಸಿಲು ತಡೆಯುವ ರೆಕ್ಸಿನ್, ಸ್ಟೇನ್‌ಲೆಸ್ ಕಂಬಿ, ಟ್ರೇಲರ್ ಇವು ಯಾವ ಕೈಗಾರಿಕಾ ವಸಾಹತಿನಲ್ಲೂ ಆಗಬಹುದಾದ ಕೆಲಸಗಳು. ವಿಹಾರ ದೋಣಿಯ ಸೋಫಾ ಕಿತ್ತು ಸಾಲು ಬೆಂಚು ಕೂರಿಸುವ ಕೆಲಸವೇ ಒಂದು ವ್ಯವಹಾರವಾಗಬಲ್ಲದು. ಹಾಗೆ ಬದಲಿಸಿದ ಮೇಲೆ ತೂಕದ ಹಂಚಿಕೆಯನ್ನು ಮತ್ತೆ ಪರೀಕ್ಷಿಸಿ ಪ್ರಮಾಣಪತ್ರ ಪಡೆಯಲೇಬೇಕು.

ಇಲ್ಲಿನ ಪೆಟ್ರೋಲು, ಇಲ್ಲಿನ ತೆರಿಗೆ

ಸೂಪರ್‌ಚಾರ್ಜರ್ ಇರುವ ಎಂಜಿನ್ನಿಗೆ 91 ಆಕ್ಟೇನ್ ಪೆಟ್ರೋಲು ಬೇಕೆಂದು ಅಮೆರಿಕದ ಕೈಪಿಡಿ ಹೇಳಿದರೆ, ಅದು ಇಲ್ಲಿನ 91 ಅಲ್ಲ. ಎರಡು ದೇಶಗಳ ಅಳತೆಯ ಪದ್ಧತಿ ಬೇರೆ. ಅಲ್ಲಿನ 91 ಇಲ್ಲಿನ ಸುಮಾರು 95ಕ್ಕೆ ಸಮ. ಶೇ. 20 ಎಥನಾಲ್ ಬೆರೆತ ಪೆಟ್ರೋಲಿನ ಆಕ್ಟೇನ್ 95 ಎಂದು ಕೇಂದ್ರ ಸರ್ಕಾರ 2025ರಲ್ಲಿ ತಿಳಿಸಿದೆ. ಆಕ್ಟೇನ್ ಚಿಂತೆ ಅಷ್ಟರ ಮಟ್ಟಿಗೆ ನೀಗಿತು. ಆದರೆ ರೊಟ್ಯಾಕ್ಸ್, ಯಮಹಾ ಕೈಪಿಡಿಗಳು ಒಪ್ಪುವ ಎಥನಾಲ್ ಮಿತಿ ಶೇ. 10 ಮಾತ್ರ. ಎಥನಾಲ್ ತೇವವನ್ನು ಹೀರುತ್ತದೆ. ಮಳೆಗಾಲದ ನಾಲ್ಕು ತಿಂಗಳು ಅರೆ ತುಂಬಿದ ಟ್ಯಾಂಕಿನೊಂದಿಗೆ ನಿಂತ ದೋಣಿಯಲ್ಲಿ ಅದರ ಪರಿಣಾಮ ಊಹಿಸಬಹುದು. ಖಾತರಿ ಅವಧಿಯಲ್ಲಿ ಇ-20 ಬಳಸಿದರೆ ಖಾತರಿ ಉಳಿಯುವುದೇ ಎಂಬುದಕ್ಕೆ ಮಾರಾಟಗಾರರಿಂದ ಲಿಖಿತ ಉತ್ತರ ಪಡೆಯದೆ ಮುಂಗಡ ಕೊಡಬಾರದು.

ತೆರಿಗೆಯ ವಿಷಯದಲ್ಲಿ, 2025ರ ಸೆಪ್ಟೆಂಬರ್ 22ರಿಂದ ವಿಹಾರ ಮತ್ತು ಕ್ರೀಡಾ ದೋಣಿಗಳ ಮೇಲಿನ ಜಿಎಸ್‌ಟಿ ಶೇ. 40. ಆಮದು ಸುಂಕ ಸೇರಿ 20 ಲಕ್ಷದ ದೋಣಿಗೆ 8 ಲಕ್ಷ ತೆರಿಗೆ. ಈ 8 ಲಕ್ಷ ಹೂಡುವಳಿ ತೆರಿಗೆ ಜಮೆಯಾಗಿ ಹಿಂದಿರುಗುವುದೇ? ಕಾಯಿದೆಯ 17(5)ನೆಯ ಕಲಮು ದೋಣಿಗಳ ಮೇಲಿನ ಜಮೆಯನ್ನು ತಡೆಯುತ್ತದೆ. ಪ್ರಯಾಣಿಕರ ಸಾಗಣೆ, ಮರುಮಾರಾಟ, ಚಾಲನಾ ತರಬೇತಿ, ಸರಕು ಸಾಗಣೆ ಇವಿಷ್ಟಕ್ಕೆ ವಿನಾಯಿತಿ. ಒಂದು ಜೆಟ್ಟಿಯಿಂದ ಇನ್ನೊಂದಕ್ಕೆ ಜನರನ್ನು ಒಯ್ದರೆ ಸಾಗಣೆ ಎನ್ನಬಹುದು. ಹೊರಟ ಜಾಗಕ್ಕೇ ಮರಳುವ ಹತ್ತು ನಿಮಿಷದ ಮೋಜಿನ ಸವಾರಿಯೂ ಸಾಗಣೆಯೇ ಎಂಬುದು ವಾದಕ್ಕೆ ಎಡೆಯಿರುವ ವಿಷಯ. ಜಮೆ ಸಿಗುವುದಿಲ್ಲ ಎಂದೇ ಭಾವಿಸಿ ಯೋಜನಾ ವರದಿ ಸಿದ್ಧಪಡಿಸುವುದು ಕ್ಷೇಮ. ಒಳನಾಡಿನ ಜಲಮಾರ್ಗಗಳಲ್ಲಿ ಓಡಿಸಲು 2021ರ ಒಳನಾಡು ಹಡಗು ಕಾಯಿದೆಯ ನೋಂದಣಿ, ತಪಾಸಣೆಗಳೂ ಇವೆ. ತಪಾಸಣೆಯಲ್ಲಿ ಅನುಮತಿಸುವ ಪ್ರಯಾಣಿಕರ ಸಂಖ್ಯೆ ತಯಾರಕರ ಫಲಕಕ್ಕಿಂತ ಕಡಿಮೆಯಾದರೆ ಆದಾಯದ ಲೆಕ್ಕವನ್ನು ಆ ಕಡಿಮೆ ಸಂಖ್ಯೆಯಿಂದಲೇ ಹಾಕಬೇಕು.

ಸವಕಳಿಯ ಬಗ್ಗೆ ಒಂದು ಮಾತು. 1962ರ ಆದಾಯ ತೆರಿಗೆ ನಿಯಮಗಳಲ್ಲಿ ಸ್ಪೀಡ್ ಬೋಟ್‌ಗೆ ಶೇ. 20ರ ದರವನ್ನು ಕೊಟ್ಟು, ನಿಂತ ನೀರಿನಲ್ಲಿ ಗಂಟೆಗೆ 24 ಕಿ.ಮೀ. ಮೀರಿದ ವೇಗದಲ್ಲಿ ಸಾಗುವ, ಓಡುವಾಗ ಮೂತಿ ನೀರಿನಿಂದ ಮೇಲೇಳುವ ಮೋಟಾರು ದೋಣಿ ಎಂದು ಅದನ್ನು ವ್ಯಾಖ್ಯಾನಿಸಲಾಗಿತ್ತು. ಆ ದರದಂತೆ 30 ಲಕ್ಷದ ದೋಣಿಯ ಪುಸ್ತಕದ ಬೆಲೆ ಮೂರು ವರ್ಷಗಳ ನಂತರ 15.36 ಲಕ್ಷ ರೂ. ಆದರೆ ಅಷ್ಟರಲ್ಲಿ ಎಂಜಿನ್ 3,000 ಗಂಟೆ ತಿರುಗಿರುತ್ತದೆ. ನಿಮಿಷಕ್ಕೆ 7,000 ಸುತ್ತುಗಳಿಗೂ ಮೀರಿ ತಿರುಗುವ ಈ ಎಂಜಿನ್ನುಗಳು ಅಷ್ಟು ಕಾಲ ಬಾಳುವವೆಂದು ಯಾರೂ ಲೆಕ್ಕ ಹಾಕಬಾರದು. ಎಂಜಿನ್ ಮತ್ತು ಪಂಪಿನ ಬದಲಿಗೆ 8 ಲಕ್ಷ, ಅದರ ಆಯುಷ್ಯ 2,000 ಗಂಟೆ ಎಂದು ಊಹಿಸಿದರೂ ಗಂಟೆಗೆ 400 ರೂ.ಗಳನ್ನು ಮೊದಲ ದಿನದಿಂದಲೇ ಪ್ರತ್ಯೇಕ ಖಾತೆಗೆ ಎತ್ತಿಡಬೇಕಾಗುತ್ತದೆ. ಹತ್ತು ನಿಮಿಷದ ಸವಾರಿಯೊಂದಕ್ಕೆ ಅದು 67 ರೂ. ಬೀಳುತ್ತದೆ, ದೋಣಿಯಲ್ಲಿ ಮೂವರಿದ್ದರೂ ಅಷ್ಟೇ, ಆರು ಮಂದಿ ಇದ್ದರೂ ಅಷ್ಟೇ.